ಜಡಾನಿಲಗಳ ಪ್ರಕಾಶ

೧

ವಾಯುಮಂಡಲದಲ್ಲಿ ಬೆರೆತಿರುವ ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್ ಎಂಬ ಐದು ಅನಿಲಗಳನ್ನು ಕನ್ನಡದ ವಿಜ್ಞಾನಗ್ರಂಥಗಳಲ್ಲಿ ಜಡಾನಿಲಗಳೆಂದು ಕರೆಯುವುದು ರೂಢಿಯಾಗಿದೆ. ಇವು ಇತರ ಮೂಲವಸ್ತುಗಳೊಡನೆ ಸುಲಭವಾಗಿ ಕೂಡುವುದಿಲ್ಲ. ಅಷ್ಟೇ ಅಲ್ಲ, ತಮ್ಮ ತಮ್ಮೊಳಗೆ ಸಹ ಕೂಡುವುದಿಲ್ಲ. ಆಮ್ಲಜನಕದ ಎರಡು ಪರಮಾಣುಗಳು ಸೇರಿ ಒಂದು ಅಣುವಾಗುವಂತೆ ಆರ್ಗಾನಿನ ಎರಡು ಪರಮಾಣುಗಳು ತಮ್ಮ ಸಹಜಸ್ಥಿತಿಯಲ್ಲಿ ಗಣನೆಗೆ ಬರುವಂಥ ಬಂಧದಿಂದ ಕೂಡಿ ನಿಲ್ಲುವುದಿಲ್ಲ. ಪ್ರತಿಯೊಂದು ಪರಮಾಣುವೂ ಏಕಾಕಿಯಾಗಿಯೇ ಸಂಚರಿಸುತ್ತದೆ. ಇವುಗಳಿಗೆ ಹೆಸರಿಟ್ಟವರು ಗ್ರೀಕ್ ಭಾಷೆಯಿಂದ ಶಬ್ದಗಳನ್ನು ಆರಿಸಿಕೊಂಡರು. ಆರ್ಗಾನ್ ಎಂದರೆ ಕೆಲಸಮಾಡದುದು, ಸೋಮಾರಿ. ಕ್ರಿಪ್ಟಾನ್ ಎಂದರೆ ಗೂಢವಾದುದು. ಕ್ಸೆನಾನ್ ಎಂದರೆ ಆಗಂತುಕ. ನಿಯಾನ್ ಎಂದರೆ ಹೊಸದು. ಹೀಲಿಯಂ ಒಂದು ಮಾತ್ರ ಸೂರ್ಯವಾಚಕವಾದ ಶಬ್ದದಿಂದ ಬಂದಿದೆ.

ಹೀಗೆ ನಿಷ್ಕ್ರಿಯವೆಂದು ಹೆಸರಾದ ಈ ಅನಿಲಗಳು ಲೋಕಕ್ಕೆ ಪರಿಚಿತವಾದುದು ಬಹುಮಟ್ಟಿಗೆ ತಮ್ಮ ಬೆಳಕಿನ ಮೂಲಕ ಎಂಬುದು ಗಮನಿಸತಕ್ಕ ಸಂಗತಿ. ೧೮೬೮ನೆಯ ಆಗಸ್ಟ್ ೧೮ರ ಪೂರ್ಣ ಸೂರ್ಯಗ್ರಹಣವನ್ನು ಫ್ರೆಂಚ್ ಜ್ಯೋತಿರ್ವಿಜ್ಞಾನಿಯಾದ ಜಾನ್ಸೆನ್ ಗುಂಟೂರಿನಲ್ಲಿ ನಿಂತು ವೀಕ್ಷಿಸಿ, ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳ ವರ್ಣಪಟಲದಲ್ಲಿ ಉಜ್ಜ್ವಲವಾದ ರೇಖೆಗಳನ್ನು ಕಂಡನು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ಲಾಕಿಯರ್ ಆ ಜ್ವಾಲೆಗಳ ಹಳದಿ ರೇಖೆಯನ್ನು ಪರೀಕ್ಷಿಸಿದಾಗ ಅದು ಸೋಡಿಯಮ್ಮಿನ ರೇಖೆಗಳಿಗೆ ಹೊಂದಲಿಲ್ಲ. ಅದು ಹೀಲಿಯಮ್ಮಿನದು. ಭೂಮಿಯ ಮೇಲೆ ಆ ವಸ್ತುವನ್ನು ರಾಮ್ಸೆ ಪ್ರತ್ಯೇಕಿಸಿದುದು ೧೮೯೫ರಲ್ಲಿ. ಅದಕ್ಕೆ ಒಂದು ವರ್ಷದ ಮುಂಚೆ, ೧೮೯೪ರಲ್ಲಿ, ರೇಲೀ ಮತ್ತು ರಾಮ್ಸೆ ಆರ್ಗಾನನ್ನು ಕಂಡುಹಿಡಿದಿದ್ದರು. ೧೮೯೮ರಲ್ಲಿ ರಾಮ್ಸೆ ಮತ್ತು ಟ್ರಾವರ್ಸ್ ಉಳಿದ ಮೂರನ್ನೂ ದ್ರವವಾಯುವಿನಿಂದ ಬೇರ್ಪಡಿಸಿ, ಅವುಗಳ ವರ್ಣರೇಖೆಗಳಿಂದ ಅವು ನೂತನವಸ್ತುಗಳೆಂದು ನಿರ್ಣಯಿಸಿದರು.

ಆದುದರಿಂದ ಇಲ್ಲಿ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಯಾವುದರೊಡನೆಯೂ ಕೂಡದ ಈ ಪರಮಾಣುಗಳಲ್ಲಿ ಬೆಳಕು ಹೇಗೆ ಜನಿಸುತ್ತದೆ? ಅನಿಲವನ್ನು ಒತ್ತಿ ಸಾಂದ್ರಮಾಡಿದಾಗ, ಇಲ್ಲವೆ ತಣಿಸಿ ದ್ರವವಾಗಿಸಿದಾಗ, ಆ ಬೆಳಕು ಮೊದಲಿನಂತೆಯೇ ಇರುತ್ತದೆಯೆ, ಬೇರೆಯಾಗುತ್ತದೆಯೆ? ಇವೆರಡಕ್ಕೂ ಸಮಾಧಾನ ಒಂದೇ ವಿಷಯದಲ್ಲಿ ಅಡಗಿದೆ. ಅದನ್ನು ಮುಂದೆ ಕ್ರಮವಾಗಿ ನಿರೂಪಿಸಲಾಗುವುದು.

೨

ಮೊದಲು ವಿರಳವಾದ ಅನಿಲವನ್ನು ವಿಚಾರಿಸೋಣ. ಗಾಜಿನ ಕೊಳವೆಯಲ್ಲಿ ಸ್ವಲ್ಪವೇ ನಿಯಾನನ್ನು ತುಂಬಿ ವಿದ್ಯುತ್ತನ್ನು ಹಾಯಿಸಿದರೆ ಕೆಂಪು ಬೆಳಕು ಕಾಣುತ್ತದೆ. ೧೯೧೦ರಲ್ಲಿ ಜಾರ್ಜ್ ಕ್ಲೋಡ್ ಎಂಬಾತನು ಪ್ಯಾರಿಸ್ ನಗರದಲ್ಲಿ ಇಂಥ ದೀಪಗಳನ್ನು ಪ್ರದರ್ಶಿಸಿದನು. ಅಂಗಡಿಗಳ ಹೆಸರುಹಲಗೆಗಳಲ್ಲಿ ಹೊಳೆಯುವ ನಿಯಾನ್ ದೀಪಗಳು ಆ ವಂಶದವು.

ಇಲ್ಲಿ ನಡೆಯುವ ಕಾರ್ಯ ಹೀಗಿದೆ. ವಿದ್ಯುದ್ಬಲದಿಂದ ವೇಗಗೊಂಡ ಎಲೆಕ್ಟ್ರಾನು ಪರಮಾಣುವಿಗೆ ತಾಗಿದಾಗ ಅದರ ಒಂದು ಎಲೆಕ್ಟ್ರಾನು ಮೇಲಿನ ಸ್ತರಕ್ಕೆ ಏರುತ್ತದೆ. ಇಂಥ ಪರಮಾಣುವಿಗೆ ಉತ್ತೇಜಿತ ಪರಮಾಣುವೆಂದು ಹೆಸರು. ಏರಿದ ಎಲೆಕ್ಟ್ರಾನು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ; ಇಳಿದ ಒಂದೊಂದು ಮೆಟ್ಟಿಲಿನ ಶಕ್ತಿಯೂ ಒಂದೊಂದು ಬೆಳಕಿನ ಕಣವಾಗಿ ಹೊರಬೀಳುತ್ತದೆ. ಸ್ತರಗಳ ಅಂತರಗಳು ನಿಯತವಾದುದರಿಂದ ಬೆಳಕೂ ನಿಯತವಾದ ಸಣ್ಣ ರೇಖೆಗಳಾಗಿಯೇ ತೋರುತ್ತದೆ. ನಿಯಾನಿನ ಕೆಂಪು ರೇಖೆಗಳಲ್ಲಿ ಪ್ರಬಲವಾದ ಒಂದರ ತರಂಗಾಂತರ ೬೪೦ ನ್ಯಾನೊಮೀಟರ್. ಒಂದು ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು.

ಕಣ್ಣಿಗೆ ಕಾಣುವ ಈ ಕೆಂಪು ಬೆಳಕು ಎಲೆಕ್ಟ್ರಾನಿನ ಕಡೆಯ ಇಳಿತದ್ದಲ್ಲ. ಮೇಲಿನ ಒಂದು ಉತ್ತೇಜಿತ ಸ್ತರದಿಂದ ಕೆಳಗಿನ ಇನ್ನೊಂದು ಉತ್ತೇಜಿತ ಸ್ತರಕ್ಕೆ ಇಳಿಯುವಾಗ ಅದು ಹೊರಡುತ್ತದೆ. ಅಲ್ಲಿಂದ ಸಹಜಸ್ಥಿತಿಗೆ ಬೀಳುವಾಗ ಹೊರಡುವ ಬೆಳಕಿನ ತರಂಗಾಂತರ ಕೇವಲ ೭೪ ನ್ಯಾನೊಮೀಟರಿನಷ್ಟು. ಅದು ನೇರಳಾತೀತ ಕಿರಣ. ಕಣ್ಣಿಗೆ ಗೋಚರವಲ್ಲ, ಗಾಜನ್ನೂ ದಾಟದು. ಮನುಷ್ಯನು ನಿಯಾನ್ ದೀಪದಲ್ಲಿ ನೋಡುವುದು ಜಲಪಾತದ ನಡುಮೆಟ್ಟಿಲನ್ನು ಮಾತ್ರ.

ಈ ಕೆಂಪು ಬೆಳಕು ಕರ್ನಾಟಕದ ನೆಲದಲ್ಲಿಯೇ ಒಂದು ದೊಡ್ಡ ಶೋಧನಕ್ಕೆ ಸಾಧನವಾಯಿತು. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು ೨.೩ ಕಿಲೊಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯ ಇವುಗಳ ವಿಜ್ಞಾನಿಗಳು ಹೊಳೆಯುವ ಪ್ಲಾಸ್ಟಿಕ್ ಫಲಕಗಳನ್ನೂ ನಿಯಾನ್ ತುಂಬಿದ ಗಾಜಿನ ಕೊಳವೆಗಳ ಸಾಲುಗಳನ್ನೂ ಇರಿಸಿದ್ದರು. ವಿದ್ಯುತ್ಕಣವೊಂದು ಹಾದುಹೋದೊಡನೆ ಕೊಳವೆಗಳ ಸುತ್ತ ಪ್ರಬಲವಾದ ವಿದ್ಯುದ್ಬಲವನ್ನು ಕ್ಷಣಕಾಲ ಪ್ರಯೋಗಿಸಿದರೆ, ಕಣ ಹಾದುಹೋದ ಕೊಳವೆಗಳು ಮಾತ್ರ ಹೊಳೆಯುತ್ತವೆ. ಹೊಳೆದ ಕೊಳವೆಗಳ ಸಾಲೇ ಕಣದ ಮಾರ್ಗ. ಈ ಉಪಾಯದಿಂದ ೧೯೬೫ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಕಣಗಳ ಕಾರ್ಯವು ಗಣಿಯ ಆಳದಲ್ಲಿ ದೃಷ್ಟವಾಯಿತು. ೨೦೦೧ರಲ್ಲಿ ಆ ಗಣಿ ಮುಚ್ಚಿತು.

೩

ಇನ್ನು ಸಾಂದ್ರವಾದ ಅನಿಲ. ಇಲ್ಲಿ ಒಂದು ಶಂಕೆ ತಲೆದೋರುತ್ತದೆ. ಆರ್ಗಾನಿನ ಉತ್ತೇಜಿತ ಪರಮಾಣು ಸಹಜಸ್ಥಿತಿಗೆ ನೇರವಾಗಿ ಇಳಿಯುವಾಗ ೧೦೫ ಅಥವಾ ೧೦೭ ನ್ಯಾನೊಮೀಟರ್ ಸಮೀಪದ ಬೆಳಕು ಹೊರಡುತ್ತದೆ. ಆ ಬೆಳಕಿನ ಶಕ್ತಿ ನೆರೆಯ ಪರಮಾಣುವನ್ನು ಉತ್ತೇಜಿಸಲು ಸರಿಯಾಗಿ ಬೇಕಾದಷ್ಟೇ ಇರುವುದರಿಂದ ನೆರೆಯ ಪರಮಾಣು ಅದನ್ನು ನುಂಗುತ್ತದೆ, ಮತ್ತೆ ಉಗುಳುತ್ತದೆ, ಅದನ್ನು ಮೂರನೆಯದು ನುಂಗುತ್ತದೆ. ಹೀಗೆ ಬೆಳಕು ಹುಟ್ಟಿದ ಮನೆಯಲ್ಲಿಯೇ ಸೆರೆಯಾಗುತ್ತದೆ. ಅನಿಲವು ಸಾಂದ್ರವಾದಷ್ಟೂ ಸೆರೆ ಬಿಗಿಯಾಗಬೇಕು. ದ್ರವದಲ್ಲಂತೂ ಬೆಳಕು ಹೊರಗೆ ಬರಲೇಬಾರದು. ಆದರೆ ಅನುಭವ ಇದಕ್ಕೆ ವಿರುದ್ಧವಾಗಿದೆ. ದ್ರವ ಆರ್ಗಾನು ಕಣವೊಂದು ತಾಗಿದರೆ ಥಟ್ಟನೆ ಹೊಳೆಯುತ್ತದೆ; ಆ ಹೊಳಪು ದ್ರವದೊಳಗೆ ಮೀಟರುಗಟ್ಟಲೆ ದೂರ ನಿರಾತಂಕವಾಗಿ ಹರಿಯುತ್ತದೆ. ಇದು ಹೇಗೆ ಸಂಭವಿಸುತ್ತದೆ?

ಸಮಾಧಾನವೇನೆಂದರೆ, ಹೊರಗೆ ಬರುವ ಬೆಳಕು ಏಕಾಕಿಯಾದ ಪರಮಾಣುವಿನದಲ್ಲ. ಸಹಜಸ್ಥಿತಿಯಲ್ಲಿ ಯಾರೊಡನೆಯೂ ಕೂಡದ ಪರಮಾಣು ಉತ್ತೇಜಿತವಾದಾಗ ಸ್ವಭಾವವನ್ನು ಬದಲಿಸುತ್ತದೆ. ಅದರ ಒಂದು ಎಲೆಕ್ಟ್ರಾನು ದೂರದ ಸ್ತರಕ್ಕೆ ಹೋಗಿ ತುಂಬಿದ ಚಿಪ್ಪು ಒಡೆದಿರುವುದರಿಂದ ನೆರೆಯ ಸಹಜ ಪರಮಾಣುವೊಂದರೊಡನೆ ಬಂಧ ಏರ್ಪಡುವುದಕ್ಕೆ ಅವಕಾಶವಾಗುತ್ತದೆ. ಒಂದು ಉತ್ತೇಜಿತ ಪರಮಾಣು, ಒಂದು ಸಹಜ ಪರಮಾಣು, ಇವೆರಡೂ ಸೇರಿ ಕ್ಷಣಿಕವಾದ ಒಂದು ಜೋಡಿಯಾಗುತ್ತದೆ. ವೈಶೇಷಿಕಶಾಸ್ತ್ರದಲ್ಲಿ ಎರಡು ಪರಮಾಣುಗಳ ಸಂಯೋಗದಿಂದ ಹುಟ್ಟುವ ದ್ರವ್ಯಕ್ಕೆ ದ್ವ್ಯಣುಕವೆಂಬ ಹೆಸರಿದೆ. ಈ ಜೋಡಿಗೂ ಅದೇ ಹೆಸರನ್ನು ಕೊಡಬಹುದು. ಪದ ಒಂದೇ ಆದ ಮಾತ್ರಕ್ಕೆ ಪ್ರಾಚೀನರಿಗೆ ಈ ವಿಷಯ ಗೊತ್ತಿತ್ತೆಂದು ಸಾಧಿಸಲು ಹೊರಡುವುದು ಉಚಿತವಲ್ಲ. ಕಣಾದನ ದ್ವ್ಯಣುಕವು ಸೃಷ್ಟಿಕ್ರಮದ ಮೊದಲ ಮೆಟ್ಟಿಲು, ಈ ದ್ವ್ಯಣುಕವೋ ಕ್ಷಣಭಂಗುರ.

ಈ ದ್ವ್ಯಣುಕವು ಬೆಳಕನ್ನು ಬಿಟ್ಟೊಡನೆ ಅದರ ಎರಡು ಪರಮಾಣುಗಳೂ ಸಹಜಸ್ಥಿತಿಗೆ ಬರುತ್ತವೆ. ಸಹಜಸ್ಥಿತಿಯಲ್ಲಿ ಅವು ಅಷ್ಟು ಸಮೀಪದಲ್ಲಿ ಇರಲಾರವು. ಒಂದನ್ನೊಂದು ತಳ್ಳಿ ಬೇರೆಯಾಗುತ್ತವೆ. ಆದುದರಿಂದ ಉತ್ತೇಜನದ ಶಕ್ತಿಯಲ್ಲಿ ಒಂದು ಪಾಲು ಬಂಧ ಬೀಳುವಾಗ ಶಾಖವಾಗಿ ಹೋಗುತ್ತದೆ, ಇನ್ನೊಂದು ಪಾಲು ಬೇರ್ಪಡುವಾಗ ಪರಮಾಣುಗಳ ಚಲನೆಗೆ ಹೋಗುತ್ತದೆ, ಉಳಿದುದು ಬೆಳಕು. ಆರ್ಗಾನಿನ ಪರಮಾಣುವನ್ನು ಉತ್ತೇಜಿಸಲು ಕನಿಷ್ಠ ೧೧.೫ ಎಲೆಕ್ಟ್ರಾನ್ ವೋಲ್ಟಿಗಿಂತ ಹೆಚ್ಚು ಶಕ್ತಿ ಬೇಕು. ದ್ವ್ಯಣುಕದಿಂದ ಹೊರಡುವ ಬೆಳಕಿನ ಕಣದಲ್ಲಿರುವುದು ಸುಮಾರು ೯.೭ ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಈ ಬೆಳಕಿಗೆ ಒಂದು ಪರಮಾಣುವನ್ನು ಉತ್ತೇಜಿಸುವ ಬಲ ಸಾಲದು. ಅದನ್ನು ಹೀರಬಲ್ಲ ದ್ವ್ಯಣುಕವೋ ಸಹಜಸ್ಥಿತಿಯಲ್ಲಿ ಇಲ್ಲವೇ ಇಲ್ಲ. ನುಂಗುವವರೇ ಇಲ್ಲದ ಕಾರಣ ಬೆಳಕು ಹೊರಗೆ ಬರುತ್ತದೆ. ಇದೇ ಈ ವಿಷಯದ ರಹಸ್ಯ: ಯಾವ ಏಕಾಕಿತ್ವದಿಂದ ಈ ಅನಿಲಗಳಿಗೆ ಜಡವೆಂಬ ಹೆಸರು ಬಂದಿತೋ ಆ ಏಕಾಕಿತ್ವವು ಕ್ಷಣಕಾಲ ಮುರಿದುದರಿಂದ ಬೆಳಕು ಹುಟ್ಟಿತು, ಅದು ಮತ್ತೆ ಸ್ಥಾಪಿತವಾದುದರಿಂದ ಬೆಳಕಿಗೆ ದಾರಿ ದೊರೆಯಿತು.

ಜೋಡಿಯು ಬೇರೆಬೇರೆ ಅಂತರಗಳಲ್ಲಿ ಕಂಪಿಸುತ್ತಿರುವಾಗ ಬೆಳಕನ್ನು ಬಿಡುವುದರಿಂದ ಅದು ರೇಖೆಯಾಗದೆ ಅಗಲವಾದ ಪಟ್ಟಿಯಾಗಿ ಕಾಣುತ್ತದೆ. ಇಂಥ ಪಟ್ಟಿಯನ್ನು ಹೀಲಿಯಮ್ಮಿನಲ್ಲಿ ೧೯೩೦ರಲ್ಲಿ ಹಾಪ್‌ಫೀಲ್ಡ್ ವಿವರಿಸಿದನು. ಪಟ್ಟಿಯ ಮಧ್ಯವು ಆರ್ಗಾನಿನಲ್ಲಿ ಸುಮಾರು ೧೨೮, ಕ್ರಿಪ್ಟಾನಿನಲ್ಲಿ ಸುಮಾರು ೧೪೮, ಕ್ಸೆನಾನಿನಲ್ಲಿ ಸುಮಾರು ೧೭೫ ನ್ಯಾನೊಮೀಟರ್. ಹೀಲಿಯಂ ಮತ್ತು ನಿಯಾನುಗಳಲ್ಲಿ ೮೦ರ ಆಸುಪಾಸು. ಎಲ್ಲವೂ ನೇರಳಾತೀತ, ವಾಯುವೇ ಹೀರಿಬಿಡುವಂಥವು.

೪

ಅನಿಲದಲ್ಲಿ ಈ ಜೋಡಿ ಹುಟ್ಟುವುದಕ್ಕೆ ಮೂರು ಪರಮಾಣುಗಳು ಏಕಕಾಲದಲ್ಲಿ ಸಂಧಿಸಬೇಕು. ಎರಡು ಕೂಡುವುವು; ಕೂಡಿದಾಗ ಹೆಚ್ಚಾದ ಶಕ್ತಿಯನ್ನು ಮೂರನೆಯದು ಒಯ್ಯಬೇಕು, ಇಲ್ಲವಾದರೆ ಬಂಧ ಒಡನೆಯೇ ಕಳಚುವುದು. ಆದುದರಿಂದ ಒತ್ತಡವನ್ನು ಇಮ್ಮಡಿಸಿದರೆ ಜೋಡಿಯಾಗುವ ವೇಗ ನಾಲ್ಮಡಿಯಾಗುತ್ತದೆ. ಒತ್ತಡವು ತೀರ ಕಡಿಮೆಯಿದ್ದರೆ ಪರಮಾಣು ಸಂಗಾತಿಯನ್ನು ಕಾಣುವ ಮೊದಲೇ ಬೆಳಕನ್ನು ಬಿಟ್ಟುಬಿಡುತ್ತದೆ. ಆಗ ಕಾಣುವುವು ರೇಖೆಗಳೇ. ನಡುವಣ ಒತ್ತಡದಲ್ಲಿ, ಜೋಡಿಯ ಕಂಪನ ಇನ್ನೂ ಅಡಗುವ ಮುಂಚೆಯೇ ಹೊರಟ ಬೆಳಕು ಮೊದಲನೆಯ ಪಟ್ಟಿಯಾಗಿಯೂ, ಕಂಪನ ಅಡಗಿದ ಮೇಲೆ ಹೊರಟುದು ಎರಡನೆಯ ಪಟ್ಟಿಯಾಗಿಯೂ ಬೇರೆಬೇರೆ ತೋರುತ್ತವೆ.

ದ್ರವದಲ್ಲಿ ಸಂಗಾತಿಗಾಗಿ ಕಾಯಬೇಕಾದುದೇ ಇಲ್ಲ. ಸೊನ್ನೆಗಿಂತ ೧೮೬ ಸೆಂಟಿಗ್ರೇಡ್ ಡಿಗ್ರಿ ಕೆಳಗೆ ಆರ್ಗಾನು ದ್ರವವಾಗುತ್ತದೆ. ಆಗ ಅದರ ಸಾಂದ್ರತೆ ಸಾಧಾರಣ ಅನಿಲದ ಎಂಟುನೂರರಷ್ಟಾಗುತ್ತದೆ. ಅನಿಲದಲ್ಲಿ ಸರಾಸರಿ ಮೂರು ನ್ಯಾನೊಮೀಟರಿಗಿಂತ ದೂರವಿದ್ದ ಪರಮಾಣುಗಳು ದ್ರವದಲ್ಲಿ ಸುಮಾರು ೦.೪ ನ್ಯಾನೊಮೀಟರ್ ಅಂತರದಲ್ಲಿ ಒತ್ತಿಕೊಂಡಿರುತ್ತವೆ. ಉತ್ತೇಜಿತವಾದೊಡನೆ ಪರಮಾಣು ನೆರೆಯದನ್ನು ಹಿಡಿದುಕೊಳ್ಳುತ್ತದೆ. ಜೋಡಿಯ ಕಂಪನವೂ ಸುತ್ತಣ ಪರಮಾಣುಗಳ ಒತ್ತಿನಿಂದ ಬೇಗನೆ ಅಡಗುತ್ತದೆ. ಆದಕಾರಣ ದ್ರವದಲ್ಲಿ ರೇಖೆಗಳ ಗೊಂದಲವಿಲ್ಲ. ಪ್ರಧಾನವಾಗಿ ಒಂದೇ ಪಟ್ಟಿ. ದ್ರವದಲ್ಲಿಯೂ ಬೆಳಕು ಬಿಡುವುದು ಈ ಜೋಡಿಯೇ ಎಂಬುದನ್ನು ಜಾರ್ಟ್ನರ್ ಮತ್ತು ಸಹೋದ್ಯೋಗಿಗಳು ೧೯೬೫ರಲ್ಲಿ ಪ್ರತಿಪಾದಿಸಿದರು. ೧೯೭೦ರಲ್ಲಿ ಮಾಸ್ಕೊ ನಗರದಲ್ಲಿ ಬಾಸೊವ್ ಮತ್ತು ಸಂಗಡಿಗರು ದ್ರವ ಕ್ಸೆನಾನಿಗೆ ಎಲೆಕ್ಟ್ರಾನುಗಳ ಧಾರೆಯನ್ನು ಹಾಯಿಸಿ, ಕ್ಷಣಿಕ ದ್ವ್ಯಣುಕಗಳಿಂದ ಲೇಸರ್ ಕಿರಣವನ್ನೇ ಪಡೆದರು.

ಉತ್ತೇಜನವಲ್ಲದೆ ಬೆಳಕಿಗೆ ಇನ್ನೊಂದು ಮಾರ್ಗವೂ ಉಂಟು. ಪರಿಮಾಣದಲ್ಲಿ ಅದೇ ದೊಡ್ಡದು. ವೇಗವಾದ ಕಣವು ಹಾಯುವಾಗ ಕೆಲವು ಪರಮಾಣುಗಳಿಂದ ಎಲೆಕ್ಟ್ರಾನು ಪೂರ್ತಿಯಾಗಿ ಕಿತ್ತುಹೋಗುತ್ತದೆ. ಹೀಗೆ ಧನವಿದ್ಯುತ್ತುಳ್ಳದ್ದಾದ ಪರಮಾಣು ಸಹ ನೆರೆಯದನ್ನು ಕೂಡಿ ಧನವಿದ್ಯುತ್ತಿನ ಜೋಡಿಯಾಗುತ್ತದೆ. ಅಲೆದ ಎಲೆಕ್ಟ್ರಾನು ವೇಗ ಕಳೆದುಕೊಂಡು ಹಿಂದಿರುಗಿ ಅದನ್ನು ಸೇರಿದಾಗ ಉತ್ತೇಜಿತ ಪರಮಾಣು, ಅದರಿಂದ ಮತ್ತೆ ಬೆಳಕಿನ ದ್ವ್ಯಣುಕ, ಹೀಗೆ ಪರಂಪರೆ ನಡೆಯುತ್ತದೆ. ಇದಕ್ಕೆ ಪುನಸ್ಸಂಯೋಗವೆಂದು ಹೆಸರು. ದ್ರವ ಆರ್ಗಾನಿನಲ್ಲಿ ಒಂದು ಪರಮಾಣು ನೇರವಾಗಿ ಉತ್ತೇಜಿತವಾಗುವ ಕಾಲದಲ್ಲಿ ಸುಮಾರು ಐದು ಪರಮಾಣುಗಳು ಎಲೆಕ್ಟ್ರಾನನ್ನು ಕಳೆದುಕೊಳ್ಳುತ್ತವೆ.

ಇದರ ಲೆಕ್ಕವನ್ನು ಹೀಗೆ ತಿಳಿಯಬಹುದು. ದ್ರವ ಆರ್ಗಾನಿನಲ್ಲಿ ಒಂದು ಎಲೆಕ್ಟ್ರಾನು ಬಿಡುಗಡೆಯಾಗಲು ಸರಾಸರಿ ೨೩.೬ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ವೆಚ್ಚವಾಗುತ್ತದೆ; ಅನಿಲದಲ್ಲಿ ಅದೇ ೨೬.೪. ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕಣವೊಂದು ದ್ರವದಲ್ಲಿ ನಿಂತುಹೋದರೆ ಸುಮಾರು ೪೨,೦೦೦ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ನೇರವಾಗಿ ಉತ್ತೇಜಿತವಾದುವನ್ನು ಇದಕ್ಕೆ ಸೇರಿಸಿದರೆ ೫೧,೦೦೦ದಷ್ಟು ಬೆಳಕಿನ ಕಣಗಳು ದೊರೆಯಬಹುದು. ಹಗುರಾದ ವೇಗದ ಕಣಗಳಿಂದ ವಾಸ್ತವವಾಗಿ ದೊರೆಯುವುದು ಸುಮಾರು ೪೦,೦೦೦. ಕೆಲವು ಎಲೆಕ್ಟ್ರಾನುಗಳು ಬಹುದೂರ ಅಲೆದು ಹಿಂದಿರುಗಲು ತಡಮಾಡುವುದೇ ಈ ಕೊರತೆಗೆ ಕಾರಣ. ಹೊರಗಿನಿಂದ ವಿದ್ಯುದ್ಬಲವನ್ನು ಪ್ರಯೋಗಿಸಿದರೆ ಎಲೆಕ್ಟ್ರಾನುಗಳು ಹಿಂದಿರುಗುವ ಮೊದಲೇ ಸೆಳೆಯಲ್ಪಡುತ್ತವೆ. ಆಗ ಬೆಳಕು ತಗ್ಗುತ್ತದೆ, ಸಂಗ್ರಹವಾಗುವ ವಿದ್ಯುತ್ತು ಹೆಚ್ಚುತ್ತದೆ. ಒಂದರ ನಷ್ಟ ಇನ್ನೊಂದರ ಲಾಭ.

೫

ಬೆಳಕಿನ ಕಾಲಪರಿಮಾಣವೂ ವಿಚಾರಣೀಯವಾದುದು. ದ್ವ್ಯಣುಕಗಳು ಎರಡು ಬಗೆ. ಎಲೆಕ್ಟ್ರಾನುಗಳ ಗಿರಕಿಗಳು ಪರಸ್ಪರ ವಿರುದ್ಧವಾಗಿದ್ದರೆ ಅದು ಏಕಕ. ಒಂದೇ ದಿಕ್ಕಿನಲ್ಲಿದ್ದರೆ ತ್ರಿಕ. ಸಹಜಸ್ಥಿತಿಯಲ್ಲಿ ಎಲ್ಲ ಗಿರಕಿಗಳೂ ವಿರುದ್ಧವಾಗಿ ಜೋಡಿಸಿರುವುದರಿಂದ ಏಕಕವು ಸುಲಭವಾಗಿ ಇಳಿಯುತ್ತದೆ. ತ್ರಿಕಕ್ಕೆ ಇಳಿಯುವುದು ನಿಷಿದ್ಧ. ಆದರೆ ವ್ಯಾಕರಣದಲ್ಲಿ ಉತ್ಸರ್ಗಕ್ಕೆ ಅಪವಾದವಿದ್ದಂತೆ ಈ ನಿಷೇಧಕ್ಕೂ ಅಪವಾದವಿದೆ. ಪರಮಾಣು ಭಾರವಾದಷ್ಟೂ ಎಲೆಕ್ಟ್ರಾನಿನ ಗಿರಕಿಗೂ ಅದರ ಪರಿಭ್ರಮಣಕ್ಕೂ ಇರುವ ಸಂಬಂಧ ಬಲವಾಗಿ ನಿಷೇಧವು ಸಡಿಲವಾಗುತ್ತದೆ. ತ್ರಿಕದ ಆಯುಸ್ಸು ದ್ರವ ಹೀಲಿಯಮ್ಮಿನಲ್ಲಿ ಸುಮಾರು ೧೩ ಸೆಕೆಂಡು. ದ್ರವ ನಿಯಾನಿನಲ್ಲಿ ಸುಮಾರು ೧೫ ಮೈಕ್ರೊಸೆಕೆಂಡು. ದ್ರವ ಆರ್ಗಾನಿನಲ್ಲಿ ಸುಮಾರು ೧.೬ ಮೈಕ್ರೊಸೆಕೆಂಡು, ಅದರ ಅನಿಲದಲ್ಲಿ ಇದರ ಇಮ್ಮಡಿ. ದ್ರವ ಕ್ಸೆನಾನಿನಲ್ಲಿ ೨೫ ನ್ಯಾನೊಸೆಕೆಂಡಿನ ಆಸುಪಾಸು. ಹಗುರವಾದುದರಿಂದ ಭಾರವಾದುದಕ್ಕೆ ಬರುವಷ್ಟರಲ್ಲಿ ಆಯುಸ್ಸು ಐವತ್ತು ಕೋಟಿ ಪಾಲು ಕುಗ್ಗಿದಂತಾಯಿತು. ಏಕಕವಾದರೋ ಆರ್ಗಾನಿನಲ್ಲಿ ೭, ಕ್ಸೆನಾನಿನಲ್ಲಿ ೪ ನ್ಯಾನೊಸೆಕೆಂಡಿನಷ್ಟರಲ್ಲಿಯೇ ಇಳಿಯುತ್ತದೆ.

ಈ ಭೇದದಿಂದ ಒಂದು ಪ್ರಯೋಜನವಿದೆ. ಆರ್ಗಾನಿನಲ್ಲಿ ಎಲೆಕ್ಟ್ರಾನು ಓಡಿದರೆ ತ್ರಿಕಗಳು ಹೆಚ್ಚು. ಪರಮಾಣುಬೀಜವೊಂದು ಪೆಟ್ಟುತಿಂದು ಸರಿದರೆ ಏಕಕಗಳು ಹೆಚ್ಚು. ಮೊದಲನೆಯದರಲ್ಲಿ ಬೆಳಕು ನಿಧಾನವಾಗಿ ಆರುತ್ತದೆ, ಎರಡನೆಯದರಲ್ಲಿ ಬೇಗನೆ ಆರುತ್ತದೆ. ಆದುದರಿಂದ ಹೊಳಪಿನ ಆಕಾರವನ್ನು ನೋಡಿಯೇ ಬಂದ ಅತಿಥಿ ಯಾರೆಂದು ಹೇಳಬಹುದು. ಕ್ಸೆನಾನಿನಲ್ಲಿ ಎರಡು ಆಯುಸ್ಸುಗಳೂ ಸಮೀಪವಾಗಿರುವ ಕಾರಣ ಈ ವಿವೇಚನೆ ಕಷ್ಟ.

ದೀರ್ಘಾಯುಸ್ಸಿಗೆ ಅಪಾಯವೂ ದೀರ್ಘ. ದ್ರವ ಆರ್ಗಾನಿನ ಹತ್ತು ಲಕ್ಷ ಭಾಗಗಳಲ್ಲಿ ಸಾರಜನಕ ಇಲ್ಲವೆ ಆಮ್ಲಜನಕ ಒಂದೆರಡು ಭಾಗ ಬೆರೆತರೂ ತ್ರಿಕಗಳು ಬೆಳಕನ್ನು ಬಿಡುವ ಮೊದಲೇ ಆ ಕಲ್ಮಷದ ಅಣುಗಳಿಗೆ ಡಿಕ್ಕಿಹೊಡೆದು ಶಕ್ತಿಯನ್ನು ಒಪ್ಪಿಸಿ ಸುಮ್ಮನಾಗುತ್ತವೆ. ಅಲ್ಪಾಯುಗಳಾದ ಏಕಕಗಳಿಗೆ ಈ ಬಾಧೆ ಕಡಿಮೆ. ಕ್ಸೆನಾನನ್ನು ಸ್ವಲ್ಪ ಬೆರೆಸಿದರೆ ಮಾತ್ರ ಶಕ್ತಿ ವ್ಯರ್ಥವಾಗುವುದಿಲ್ಲ. ಆರ್ಗಾನಿನ ದ್ವ್ಯಣುಕವು ಅದನ್ನು ಕ್ಸೆನಾನಿಗೆ ದಾಟಿಸಿ, ಹೆಚ್ಚು ತರಂಗಾಂತರದ ಬೆಳಕು ಹೊರಡುತ್ತದೆ. ಆರ್ಗಾನಿನ ೧೨೮ ನ್ಯಾನೊಮೀಟರ್ ಬೆಳಕು ಸ್ಫಟಿಕಶಿಲೆಯನ್ನೂ ದಾಟದು. ಆದುದರಿಂದ ಪಾತ್ರೆಯ ಒಳಮೈಗೆ ಟೆಟ್ರಾಫಿನೈಲ್ ಬ್ಯೂಟಡೈಈನ್ ಎಂಬ ವಸ್ತುವನ್ನು ತೆಳುವಾಗಿ ಲೇಪಿಸುವುದುಂಟು. ಅದು ನೇರಳಾತೀತ ಬೆಳಕನ್ನು ಹೀರಿ ನೀಲಿ ಬೆಳಕನ್ನು ಕೊಡುತ್ತದೆ.

೬

ಅನಿಲ ಮತ್ತು ದ್ರವ ಎರಡೂ ಅವಸ್ಥೆಗಳ ಬೆಳಕನ್ನು ಒಂದೇ ಪಾತ್ರೆಯಲ್ಲಿ ಉಪಯೋಗಿಸುವ ಉಪಾಯವನ್ನೂ ವಿಜ್ಞಾನಿಗಳು ಕಲ್ಪಿಸಿದ್ದಾರೆ. ಪಾತ್ರೆಯ ತುಂಬ ದ್ರವ ಕ್ಸೆನಾನು. ಅದರ ಮೇಲೆ ಅನಿಲದ ತೆಳುವಾದ ಪದರ. ಕಣವು ದ್ರವಕ್ಕೆ ತಾಗಿದೊಡನೆ ಮೊದಲ ಹೊಳಪು ಉಂಟಾಗುತ್ತದೆ. ಹಿಂದಿರುಗದ ಎಲೆಕ್ಟ್ರಾನುಗಳನ್ನು ವಿದ್ಯುದ್ಬಲದಿಂದ, ಮೈಕ್ರೊಸೆಕೆಂಡಿಗೆ ಒಂದೂವರೆ ಎರಡು ಮಿಲಿಮೀಟರ್ ವೇಗದಲ್ಲಿ, ಮೇಲಕ್ಕೆ ಸೆಳೆದು ಅನಿಲಕ್ಕೆ ತರುತ್ತಾರೆ. ಅಲ್ಲಿ ಪ್ರಬಲವಾದ ವಿದ್ಯುದ್ಬಲವಿರುವುದರಿಂದ ಅವು ವೇಗಗೊಂಡು ಪರಮಾಣುಗಳನ್ನು ಉತ್ತೇಜಿಸಿ ಎರಡನೆಯ ಹೊಳಪನ್ನು ಉಂಟುಮಾಡುತ್ತವೆ. ಅನಿಲದಲ್ಲಿ ಎಲೆಕ್ಟ್ರಾನುಗಳ ಸಂಖ್ಯೆಗೆ ಅನುಗುಣವಾದ ಇಂಥ ಬೆಳಕನ್ನು ಪೋರ್ಚುಗಲ್ಲಿನ ಕಾಂಡೆ ಮತ್ತು ಪೊಲಿಕಾರ್ಪೊ ೧೯೬೭ರಲ್ಲಿ ನಿರೂಪಿಸಿದ್ದರು. ಎರಡು ಹೊಳಪುಗಳ ನಡುವಣ ಕಾಲದಿಂದ ಪೆಟ್ಟು ಬಿದ್ದ ಆಳವೂ, ಅವುಗಳ ಪರಿಮಾಣಗಳ ಅನುಪಾತದಿಂದ ಪೆಟ್ಟಿನ ಸ್ವರೂಪವೂ ತಿಳಿಯುತ್ತವೆ.

ಕ್ಸೆನಾನು ವಾಯುವಿನ ಒಂದು ಕೋಟಿ ಭಾಗಗಳಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅಂಥ ದುರ್ಲಭವಾದ ವಸ್ತುವನ್ನು ಟನ್ನುಗಟ್ಟಲೆ ಶೇಖರಿಸಿ, ಇಟಲಿಯ ಗ್ರಾನ್ ಸಾಸೊ ಪರ್ವತದ ಕೆಳಗೂ, ಅಮೆರಿಕದ ದಕ್ಷಿಣ ಡಕೋಟಾದಲ್ಲಿ ೨೦೦೨ರಲ್ಲಿ ಮುಚ್ಚಿದ ಹೋಮ್‌ಸ್ಟೇಕ್ ಚಿನ್ನದ ಗಣಿಯ ಆಳದಲ್ಲಿಯೂ ಇರಿಸಿದುದು ಯಾವ ಉದ್ದೇಶದಿಂದ? ಆಕಾಶಗಂಗೆಗಳ ಚಲನೆಯಿಂದ ಊಹಿತವಾಗಿರುವ ಅದೃಶ್ಯದ್ರವ್ಯದ ಒಂದು ಕಣವಾದರೂ ಕ್ಸೆನಾನಿನ ಬೀಜವನ್ನು ತಟ್ಟಿ ಹೊಳಪನ್ನು ಕೊಡುವುದೋ ಎಂದು ನಿರೀಕ್ಷಿಸುವುದಕ್ಕಾಗಿ. ಆ ಕಣ ದೊರೆತಿಲ್ಲ. ಆದರೆ ಕಾದವರ ಶ್ರಮ ನಿಷ್ಫಲವಾಗಲಿಲ್ಲ. ಗ್ರಾನ್ ಸಾಸೊದ ಪಾತ್ರೆಯಲ್ಲಿ ಕ್ಸೆನಾನ್ ೧೨೪ ಎಂಬ ಬಗೆಯ ಪರಮಾಣುಬೀಜಗಳು ತಮ್ಮವೇ ಎರಡೆರಡು ಎಲೆಕ್ಟ್ರಾನುಗಳನ್ನು ನುಂಗಿ ಬೇರೆ ವಸ್ತುವಾಗುವುದು ಕಂಡುಬಂದಿತು. ೨೦೧೯ರಲ್ಲಿ ಪ್ರಕಟವಾದ ಲೆಕ್ಕದಂತೆ ಅವುಗಳ ಅರ್ಧಾಯುಸ್ಸು ೧.೮ರ ಮುಂದೆ ೨೨ ಸ್ಥಾನಗಳಷ್ಟು ವರ್ಷಗಳು. ವಿಶ್ವದ ವಯಸ್ಸಿಗೆ ಇದು ಒಂದು ಲಕ್ಷ ಕೋಟಿ ಪಟ್ಟಿಗಿಂತಲೂ ಅಧಿಕ. ಅಷ್ಟು ವಿರಳವಾದ ಘಟನೆಯೂ ಬೆಳಕಿನ ಭಾಷೆಯಲ್ಲಿ ತನ್ನನ್ನು ತಿಳಿಸಿಕೊಂಡಿತು.

ಇನ್ನು ಹೆಸರಿನ ವಿಚಾರ. ೧೯೬೨ರಲ್ಲಿ ನೀಲ್ ಬಾರ್ಟ್ಲೆಟ್ ಕ್ಸೆನಾನಿನ ಸಂಯುಕ್ತವೊಂದನ್ನು ತಯಾರಿಸಿದಂದಿನಿಂದಲೇ ಜಡಾನಿಲವೆಂಬ ಮಾತು ಅಕ್ಷರಶಃ ನಿಲ್ಲದಾಯಿತು. ಅದಕ್ಕೂ ಹಿಂದಿನಿಂದ, ಹಾಪ್‌ಫೀಲ್ಡನು ಕಂಡ ಪಟ್ಟಿಯಲ್ಲಿಯೇ, ಈ ಪರಮಾಣುಗಳು ತಟ್ಟಿದರೆ ಕೂಡುವುವೆಂಬುದಕ್ಕೆ ಸಾಕ್ಷ್ಯವಿದ್ದಿತು. ಆದರೂ ರೂಢವಾದ ಪದವನ್ನು ಬಿಡಬೇಕಾದ ಅಗತ್ಯವಿಲ್ಲ. ಅಮರಕೋಶದಲ್ಲಿ ಜಡಶಬ್ದವು ಶೀತವೆಂಬ ಅರ್ಥದಲ್ಲಿಯೂ ಪಠಿತವಾಗಿದೆ. ಅತಿಶೀತದಲ್ಲಿ ದ್ರವವಾಗಿ ನಿಂತ ಆರ್ಗಾನು ಮತ್ತು ಕ್ಸೆನಾನುಗಳಿಗೆ ಆ ಅರ್ಥ ಚೆನ್ನಾಗಿಯೇ ಒಪ್ಪುತ್ತದೆ. ಶೀತವೆಂಬ ಅರ್ಥದಲ್ಲಿ ಅವು ಜಡ. ಅಚೇತನವೂ ನಿರುತ್ತರವೂ ಆದುದೆಂಬ ಅರ್ಥದಲ್ಲಿ ಅಲ್ಲ. ಪದವನ್ನು ಬಳಸುವವರು ಈ ವಿವೇಕವನ್ನು ಇಟ್ಟುಕೊಂಡರೆ ಸಾಕು.